ಸಾಕವ್ವ ಉಳ್ಳಾಗಡ್ಡಿ

ಬಾದಾಮಿ ಬಸ್‌ಸ್ಟ್ಯಾಂಡಿನ ಹಿಂದೆ, ಲಾಡ್ಜಿನ ಕೌಂಟರಿನಲ್ಲಿ
ಹದಿನೆಂಟು ವರ್ಷ ಮಂದಿಯ ಹೆಸರು ಬರೆದಿದ್ದೇನೆ.
ಹೊರದೇಶದವರಿಗೆ ಬೇರೆ ಫಾರಂ,
ಅಕ್ಷರಕ್ಕೊಂದು ಚೌಕ.
ಆ ಸಂಜೆ ಒಬ್ಬಾಕೆಯ ಹೆಸರು
ಚೌಕಗಳಲ್ಲಿ ಹಿಡಿಸಲೇ ಇಲ್ಲ.

ಗ್ರೀಸ್ ದೇಶ. ವಯಸ್ಸು ಐವತ್ತೆರಡು.
ಮೊಣಕಾಲ ತನಕ ಗುಡ್ಡದ ಕೆಂಧೂಳು.
ಸ್ತಮಾತಿಯಾ ಕ್ರೆಮ್ಮಿದಾ, ಅಂದಳು.
ಅಪ್ಪನ ಹೆಸರಿನ ಕಡೆ: ಕ್ರೆಮ್ಮಿದಾಸ್.
ಯಾವ ದೇವರ ದಾಸನೋ ಪಾಪ, ಅಂದುಕೊಂಡೆ.
ಆಮೇಲೆ ದಿಗಿಲಾಗಿ ಕೇಳಿದೆ:
ಅಪ್ಪಗ ಇರೋ 'ಸ' ಮಗಳಿಗ್ಯಾಕ ಇಲ್ರೀ?
ತಪ್ಪು ಬಿದ್ದರ ಪೊಲೀಸ್ರು ನನ್ನ ಹಿಡೀತಾರ.

ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು,
ಹೆಗಲ ಮೇಲೆ ಕೈ ಹಾಕಿಕೊಂಡು ನಡೆದವು.
ಅವರಲ್ಲಿ ಗಂಡಸಿಗೆ ಅಡ್ಡೆಸರು ಪೂರ್ತಿ ಅಂತೆ,
ಹೆಂಗಸಿಗೆ ಬರೀ ಷಷ್ಠಿ ವಿಭಕ್ತಿ:
ಇಂಥವನ.
ಇಂಥವನ ಏನು?
ಅದನ್ನು ಯಾರೂ ಬರೆಯುವುದಿಲ್ಲ.

ಪೆನ್ನು ಕೆಳಗಿಟ್ಟೆ.
ನನ್ನ ಅಡ್ಡೆಸರು ಉಪ್ಪಿನ.
ಉಪ್ಪಿನ ಏನು? ಚೀಲವೋ, ಗಾಡಿಯೋ, ಋಣವೋ?
ಬೆಲ್ಲದ, ಜೋಳದ, ತೋಟದ,
ನಮ್ಮ ಸೀಮೆಯ ಅರ್ಧ ಮಂದಿ
ಮುಂದಿನ ಮಾತು ಎಲ್ಲೋ ಬಿಟ್ಟು ಬಂದವರೇ.
ಮುತ್ಯಾನ ಮುತ್ಯಾ ಘಟ್ಟದ ಕೆಳಗಿನಿಂದ
ಕತ್ತೆಯ ಮೇಲೆ ಉಪ್ಪು ಹೇರಿ ತರುತ್ತಿದ್ದನಂತೆ.
ಕತ್ತೆ ಹೋಯಿತು, ಉಪ್ಪು ಕರಗಿತು,
ನನ್ನ ಪಾಲಿಗೆ ಬಂದದ್ದು ಆ ಒಂದು 'ಇನ'.

ಕ್ರೆಮ್ಮಿದಿ ಅಂದ್ರ ಏನ್ರೀ?
ರಿಜಿಸ್ಟರಿನ ಅಂಚಿನಲ್ಲೇ ಬರೆದು ತೋರಿಸಿದಳು:
ಒಂದು ಗುಂಡು, ಕೆಳಗೆ ಗಡ್ಡ, ಮೇಲೆ ಜುಟ್ಟು.
ಉಳ್ಳಾಗಡ್ಡಿ! ಎಂದು ಕೂಗಿದೆ.
ಅಡುಗೆಮನೆಯ ಹುಡುಗ ಎರಡು ತಂದಿಟ್ಟು ಹೋದ.

ಕೈ ಹಿಡಿಯದೇ ಎಳೆದುಕೊಂಡು ಹೋದಂತೆ
ಆಕೆಯನ್ನು ರಸ್ತೆ ದಾಟಿಸಿದೆ.
'ಉಳ್ಳಾಗಡ್ಡಿ ಮೊಬೈಲ್ ರಿಪೇರಿ.'
ಬೋರ್ಡಿನ ಒಂದೊಂದೇ ಅಕ್ಷರ ಓದಿ ಹೇಳಿದೆ.
ಒಳಗೆ ಮಾನಿಂಗಪ್ಪ, ಬಾಯಲ್ಲಿ ಸ್ಕ್ರೂಡ್ರೈವರು.
ನಿಮ್ಮ ಬೀಗರು ಬಂದಾರ ನೋಡೋ, ಅಂದೆ.
ಆತ ಆಕೆಯನ್ನು ಅಡಿಯಿಂದ ಮುಡಿತನಕ ನೋಡಿ
ಗಂಭೀರವಾಗಿಯೇ ಕೇಳಿದ:
ಯಾವ ಕಡೆಯವ್ರು? ತೇರದಾಳದವ್ರೇನು?

ಚಹಾ ಬಂತು.
ಸ್ತಮಾತಿಯಾ ಆಕೆಯ ಅಜ್ಜಿಯ ಹೆಸರು.
ಅಜ್ಜಿ ಆರನೆಯ ಹೆಣ್ಣು. ಹುಟ್ಟಿದ ದಿನ
ಅಪ್ಪ ಹೊಸ್ತಿಲ ಆಚೆಯೇ ನಿಂತು ಹೆಸರಿಟ್ಟನಂತೆ.
ಅರ್ಥ ಹೇಳಲು ಅಂಗೈ ಎತ್ತಿದಳು,
ಟ್ರಾಫಿಕ್ ಪೊಲೀಸನ ಹಾಗೆ.
ನಿಲ್ಲು. ಹೆಣ್ಣು ಇನ್ನು ಬೇಡ.

ನನ್ನ ಬಾಯೊಳಗೆ ಬಿಸ್ಕೀಟು ಮೆತ್ತಗಾಯಿತು.
ನಮ್ಮವ್ವ ಐದನೆಯವಳು, ಕೆರೂರಿನಲ್ಲಿ.
ಸೂಲಗಿತ್ತಿ ಹೊರಗೆ ಬಂದು ಹೇಳಿದಾಗ
ಆಕೆಯ ಅಪ್ಪನ ಬಾಯಿಂದ ಬಿದ್ದ ಮಾತನ್ನೇ
ತೊಟ್ಟಿಲಿಗೆ ಹಾಕಿದರು: ಸಾಕವ್ವ.
ರೇಷನ್ ಕಾರ್ಡಿನಲ್ಲಿ ಸಕ್ಕವ್ವ ಅಂತಿದೆ,
ಯಾವನೋ ಪುಣ್ಯಾತ್ಮ ಸಕ್ಕರೆ ಬೆರೆಸಿದ್ದಾನೆ.
ಅವ್ವನ ಬೆನ್ನಿಗೆ ಮತ್ತೆರಡು ಹುಟ್ಟಿದವು. ಎರಡೂ ಹೆಣ್ಣು.
ನಮ್ಮಲ್ಲಿ ಮೂರು, ಅಂದಳು ಆಕೆ.
ಇಬ್ಬರೂ ನಕ್ಕೆವು. ಮಾನಿಂಗಪ್ಪ
ಏನೂ ತಿಳಿಯದೆ ತಾನೂ ನಕ್ಕ.

ಒಂದು ಮಾತು ಮಾತ್ರ ಹೇಳಲಾಗಲಿಲ್ಲ,
ನನ್ನ ಇಂಗ್ಲಿಷ್ ಅಷ್ಟು ದೂರ ಹೋಗುವುದಿಲ್ಲ.
ನಮ್ಮಲ್ಲಿ ಸಾಕು ಅಂದರೆ ಬೇಡ ಅಂತಲೂ ಹೌದು,
ಕರು ಸಾಕು, ಕೂಸು ಸಾಕು ಅಂತಲೂ ಹೌದು.
ಆ ಎರಡು ಕೂಸುಗಳನ್ನು
ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅವ್ವನೇ.
ಅಜ್ಜ ಯಾವುದನ್ನು ಅಂದನೋ,
ಆಕೆ ಯಾವುದನ್ನು ಕೇಳಿಸಿಕೊಂಡಳೋ.

ರಾತ್ರಿ ಠಾಣೆಯ ಫಾರಂ ತುಂಬಿದೆ,
ಹಿಡಿಸದ ಅಕ್ಷರಗಳನ್ನು ಚೌಕದ ಹೊರಗೇ ಬರೆದೆ.
ನನ್ನ ನೋಟ್‌ಬುಕ್ಕಿನಲ್ಲಿ, ನನಗಾಗಿ, ಕನ್ನಡದಲ್ಲಿ:
ಸಾಕವ್ವ ಉಳ್ಳಾಗಡ್ಡಿ, ಕೋಣೆ ಏಳು.
ಬೆಳಗ್ಗೆ ಐದಕ್ಕೆ ಬಿಸಿನೀರು ಕೇಳಿದ್ದಾಳೆ.
ಹುಡುಗನಿಗೆ ಹೇಳಬೇಕು.